ಮೈಯರ್: ಪಾರುಪತ್ಯಗಾರನ ಹೆಸರು

ನಗರಪಾಲಿಕೆಯ ಮೇಯರ್ ಯಾರೆಂದು ನಮಗೆ ಗೊತ್ತು. ಜರ್ಮನಿಯ ಊರೂರಲ್ಲೂ ಕಾಣುವ ‘ಮೈಯರ್’ ಎಂಬ ಅಡ್ಡಹೆಸರು ಆ ಪದದ ಒಡಹುಟ್ಟು. ಎರಡರ ಬೇರೂ ಲ್ಯಾಟಿನ್ನಿನ ‘ಮಾಯೋರ್’, ಅಂದರೆ ದೊಡ್ಡವನು, ಹಿರಿಯ. ಫ್ರೆಂಚ್, ಇಂಗ್ಲಿಷ್ ದಾಟಿ ನಮ್ಮಲ್ಲಿಗೆ ಬಂದ ಕವಲು ನಗರಕ್ಕೆ ಅಂಟಿಕೊಂಡಿತು. ಜರ್ಮನ್ ಕವಲು ಹೊಲಕ್ಕಿಳಿಯಿತು.

ಪಶ್ಚಿಮ ಯುರೋಪನ್ನಾಳಿದ ಫ್ರಾಂಕ್ ಅರಸರ ಅರಮನೆಯ ಪಾರುಪತ್ಯಗಾರನೂ ಒಬ್ಬ ‘ಮಾಯೋರ್’. ಆ ಹುದ್ದೆಯಲ್ಲಿದ್ದ ಪಿಪ್ಪಿನ್ 751ರಲ್ಲಿ ಅರಸನನ್ನೇ ಮಠಕ್ಕೆ ಕಳಿಸಿ ತಾನು ಪಟ್ಟವೇರಿದ. ಅವನ ಮಗ ಶಾರ್ಲಮೇನ್. 800ರ ಆಸುಪಾಸಿನ, ಅರಮನೆಯ ಜಮೀನುಗಳ ಕಟ್ಟಳೆಯೊಂದು ಹಳ್ಳಿಯ ಮಾಯೋರ್‌ಗಳ ಬಗ್ಗೆ ಹೀಗೆ ವಿಧಿಸುತ್ತದೆ: ಬಲಾಢ್ಯರನ್ನು ನೇಮಿಸಬಾರದು, ನಂಬಿಕಸ್ಥ ಸಾಧಾರಣರನ್ನೇ ಆರಿಸಬೇಕು, ಒಂದೇ ದಿನದಲ್ಲಿ ಸುತ್ತಿ ನೋಡಿ ಬರಲಾಗದಷ್ಟು ಜಮೀನನ್ನು ಒಬ್ಬನಿಗೆ ಒಪ್ಪಿಸಬಾರದು. ಪಾರುಪತ್ಯಗಾರ ಬೆಳೆದರೆ ಏನಾಗುತ್ತದೆಂದು ಆ ಮನೆತನಕ್ಕಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು!

ಹಳ್ಳಿಯ ಮೈಯರ್ ಒಡೆಯನ ಪರವಾಗಿ ಒಕ್ಕಲುಗಳಿಂದ ಬಿಟ್ಟಿ ದುಡಿಮೆ ಮಾಡಿಸುತ್ತಿದ್ದ, ಧಾನ್ಯ, ಕೋಳಿ, ಮೊಟ್ಟೆಗಳ ಕಾಣಿಕೆ ಎತ್ತಿ ಕಣಜ ತುಂಬಿಸುತ್ತಿದ್ದ. 12–13ನೇ ಶತಮಾನಗಳಲ್ಲಿ ಈ ಏರ್ಪಾಡು ಸಡಿಲವಾಯಿತು. ಒಡೆಯರು ಜಮೀನನ್ನು ಗೇಣಿಗೆ ಕೊಡತೊಡಗಿದಾಗ ಮೈಯರ್ ಎಂದರೆ ಊರಿನ ದೊಡ್ಡ ಹಿಡುವಳಿಯ ಗೇಣಿದಾರ ಎಂದಾಯಿತು. ಜರ್ಮನ್ ನಾಡಿನಲ್ಲಿ ಅಡ್ಡಹೆಸರುಗಳು ನೆಲೆಯೂರಿದ್ದೂ ಸರಿಸುಮಾರು ಇದೇ ಕಾಲದಲ್ಲಿ. ಹುದ್ದೆ ಹೋಯಿತು, ಹೆಸರು ಮಕ್ಕಳಿಗೆ ಉಳಿಯಿತು.

ಒಂದೊಂದು ಊರಿಗೆ ಒಬ್ಬ ಮೈಯರ್ ಇದ್ದಮೇಲೆ ಸುತ್ತಮುತ್ತ ಎಷ್ಟು ಮೈಯರ್‌ಗಳು! ಗುರುತಿಗೆ ಜಾಗದ ಹೆಸರು ಸೇರಿತು: ಮೇಲಿನವನು ಓಬರ್‌ಮೈಯರ್, ಕೆಳಗಿನವನು ನೀಡರ್‌ಮೈಯರ್, ಹಳ್ಳದ ಬದಿಯವನು ಬಾಖ್‌ಮೈಯರ್, ಇಗರ್ಜಿಯ ಜಮೀನಿನವನು ಕಿರ್ಖ್‌ಮೈಯರ್.

ಕನ್ನಡದಲ್ಲಿ ಮೈಯರ್ ಎಂದು ಒಂದೇ ಬಗೆಯಲ್ಲಿ ಬರೆಯುತ್ತೇವೆ. ಜರ್ಮನ್ನಿನಲ್ಲಿ ಉಚ್ಚಾರ ಒಂದೇ ಆದರೂ ಬರಹ ಹಲವು. ರೋಮನ್ ಲಿಪಿಯ ‘ಇ’ ಮತ್ತು ‘ವೈ’ ಅಕ್ಷರಗಳ ರೂಪ (Meyer) ಉತ್ತರದಲ್ಲಿ ಹೆಚ್ಚು. ‘ಎ’ ಇರುವ ರೂಪಗಳು (Mayer, Maier) ದಕ್ಷಿಣದವು. ಕೊನೆಯ ‘ಇ’ ಬಿಟ್ಟು (Mayr) ಬರೆದರೆ ಬವೇರಿಯ ಅಥವಾ ಆಸ್ಟ್ರಿಯದ ಮನೆತನವೆಂದು ಊಹಿಸಬಹುದು. ಜೀವಿಪ್ರಭೇದಗಳ ಹುಟ್ಟಿನ ಬಗ್ಗೆ ಬರೆದ ಅರ್ನ್‌ಸ್ಟ್ ಮೈಯರ್, ಬವೇರಿಯದಲ್ಲಿ ಹುಟ್ಟಿದವರು, ಹಾಗೆಯೇ ಬರೆಯುತ್ತಿದ್ದರು. 1876ರಿಂದ ಜರ್ಮನ್ ಸಾಮ್ರಾಜ್ಯದಾದ್ಯಂತ ಸರ್ಕಾರಿ ಜನನ ನೋಂದಣಿ ಬಂದಮೇಲೆ, ಪುಸ್ತಕಕ್ಕೆ ಏರಿದ ಕಾಗುಣಿತವೇ ಗಟ್ಟಿಯಾಯಿತು.

ಆದರೆ ಎಲ್ಲ ಮೈಯರ್‌ಗಳ ಪೂರ್ವಿಕರೂ ಹೊಲ ನೋಡಿಕೊಂಡವರಲ್ಲ. ಯಹೂದಿಗಳಲ್ಲಿ ಹೀಬ್ರೂವಿನ ‘ಮೇಯಿರ್’ ಎಂಬ ಗಂಡಸರ ಹೆಸರಿದೆ. ಅರ್ಥ, ಬೆಳಕು ಬೀರುವವನು. 1787ರಲ್ಲಿ ಆಸ್ಟ್ರಿಯವನ್ನಾಳುತ್ತಿದ್ದ ಎರಡನೆಯ ಜೋಸೆಫ್ ಚಕ್ರವರ್ತಿ ತನ್ನ ನಾಡಿನ ಯಹೂದಿಗಳು ಜರ್ಮನ್ ಅಡ್ಡಹೆಸರು ಇಟ್ಟುಕೊಳ್ಳಲೇಬೇಕೆಂದು ಆಜ್ಞೆ ಹೊರಡಿಸಿದ. ‘ಮೇಯಿರ್’ ಎಂಬ ಹೆಸರಿದ್ದ ಮನೆಗಳಿಗೆ ‘ಮೈಯರ್’ ಹತ್ತಿರದ ದನಿಯಾಗಿತ್ತು. ಗೋಲ್ಡಾ ಮೇಯಿರ್ ಮದುವೆಯಿಂದ ಮೈಯರ್‌ಸನ್ ಆಗಿದ್ದರು. 1956ರಲ್ಲಿ ಇಸ್ರೇಲಿನ ವಿದೇಶಾಂಗ ಸಚಿವೆಯಾದಾಗ ಅದನ್ನು ಮತ್ತೆ ಹೀಬ್ರೂವಿಗೆ ತಿರುಗಿಸಿಕೊಂಡರು.