ಸೀಗುಂಬಳದ ಬಿಯರು: ನಮಗೆ ಅದರಲ್ಲಿ ದಕ್ಕುವುದೆಷ್ಟು?

ಉಳವಿ ಸುತ್ತಿನ ನಮ್ಮ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳದ ಅಂಚಿಗೆ, ಬೇಲಿ ಸಾಲಿಗೆ, ಗೊಬ್ಬರಗುಂಡಿ ಪಕ್ಕಕ್ಕೆ ನಾಲ್ಕು ಸೀಗುಂಬಳದ ಬೀಜ ಊರುವುದು ಹಿಂದಿನಿಂದ ಬಂದ ರೂಢಿ. ಅದಕ್ಕೆ ಬೇರೆ ಖರ್ಚಿಲ್ಲ. ಭೂಮಿ ಹುಣ್ಣಿಮೆ ಹೊತ್ತಿಗೆ ಕಾಯಿ ಬಲಿಯುತ್ತದೆ, ಕಡುಬಿಗೆ ಪಲ್ಯಕ್ಕೆ ಆಗುತ್ತದೆ. ತೊಂದರೆ ಏನಪ್ಪಾ ಅಂದರೆ ಎಲ್ಲರ ಹೊಲದಲ್ಲೂ ಒಂದೇ ಸಲ ಬರುತ್ತದೆ. ಆಗ ಸಂತೆಗೆ ಒಯ್ದರೆ ಬಾಡಿಗೆ ಹುಟ್ಟುವುದೂ ಕಷ್ಟ. ಅಟ್ಟ ತುಂಬಿ ಮಿಕ್ಕಿದ್ದು ದನದ ಬಾನಿಗೆ ಹೋಗುತ್ತದೆ.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮೂರ ಹುಡುಗರು ರಜೆಗೆ ಬಂದಾಗ ಒಂದು ಮಾತು ಹೇಳುತ್ತಾರೆ: "ದೊಡ್ಡಪ್ಪಾ, ಅಮೆರಿಕದಲ್ಲಿ ಇದರಿಂದ ಬಿಯರು ಮಾಡ್ತಾರೆ, ನೀವೂ ಮನೇಲೇ ಮಾಡಬಹುದಲ್ಲ." ಕೇಳಿ ನಕ್ಕು ಬಿಡುವ ಮಾತಲ್ಲ ಇದು. ಯಾಕೆಂದರೆ ಹಾಗೆ ಮಾಡಲು ಹೋದವರಿಗೆ ಜೈಲಿನ ದಾರಿಯೂ ಇದೆ. ಅದೇ ಕೆಲಸದ ಅರ್ಧ ಭಾಗ ಮಾತ್ರ ನಮ್ಮ ಅಡಿಗೆಮನೆಗೆ ಬಹಳ ಉಪಯೋಗಕ್ಕೆ ಬರುತ್ತದೆ. ಆದ್ದರಿಂದ ತಿಳಿದುಕೊಂಡಷ್ಟನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಎಲ್ಲಿಂದ ಬಂತು?

ಸೀಗುಂಬಳದ ಮೂಲವೇ ಅಮೆರಿಕ ಖಂಡ. ಮೆಣಸಿನಕಾಯಿ, ಮೆಕ್ಕೆಜೋಳದ ಹಾಗೆ ಅದೂ ಅಲ್ಲಿಂದ ಬಂದದ್ದೇ. ನಾಲ್ಕು ನೂರು ವರ್ಷದ ಹಿಂದೆ ಇಂಗ್ಲೆಂಡಿನಿಂದ ಅಲ್ಲಿಗೆ ಹೋಗಿ ನೆಲೆಸಿದವರಿಗೆ ಬಿಯರು ಮಾಡಲು ಬೇಕಾದ ಬಾರ್ಲಿ ಸಾಕಷ್ಟು ಸಿಗುತ್ತಿರಲಿಲ್ಲ. ಹೊಲದಲ್ಲಿ ಬೇಕಾದಷ್ಟಿದ್ದ ಕುಂಬಳವನ್ನೇ ಬೇಯಿಸಿ ಹುಳಿ ಬರಿಸಿದರು. ಬಡತನಕ್ಕೆ ಹುಟ್ಟಿದ ಪಾನೀಯ ಅದು. ಬಾರ್ಲಿ ಸಿಗತೊಡಗಿದ ಮೇಲೆ ಅದನ್ನು ಬಿಟ್ಟರು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯದ ಹೇವರ್ಡ್ ಊರಿನ ಒಂದು ಸಣ್ಣ ಬ್ರೂವರಿ ಅದನ್ನು ಮಸಾಲೆ ಸೇರಿಸಿ ಮತ್ತೆ ಮಾಡಿತು. ಈಗ ಅಲ್ಲಿ ಪ್ರತಿ ವರ್ಷ ಕುಂಬಳದ ಕೊಯ್ಲಿನ ಕಾಲಕ್ಕೆ ಅದರದ್ದೇ ಹಂಗಾಮು.

ಅದಕ್ಕೆ ಅವರು ಹಾಕುವ ಮಸಾಲೆ ಯಾವುದು ಗೊತ್ತೇ? ದಾಲ್ಚಿನ್ನಿ, ಲವಂಗ, ಜಾಯಿಕಾಯಿ, ಶುಂಠಿ. ಶುಂಠಿ ನಮ್ಮ ಸೊರಬ, ಶಿಕಾರಿಪುರದ್ದೇ ಬೆಳೆ. ಉಳಿದದ್ದು ಸಾಗರ, ಶಿರಸಿ ಕಡೆಯ ಅಡಿಕೆ ತೋಟಗಳಲ್ಲಿ ಸಿಗುತ್ತದೆ.

ಬಿಯರು ಹೇಗಾಗುತ್ತದೆ?

ಯಾವ ಬಿಯರಿಗೂ ನಾಲ್ಕು ಹೆಜ್ಜೆ.

ಒಂದು, ಮೊಳಕೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುತ್ತಾರೆ. ಇದಕ್ಕೆ ಮಾಲ್ಟ್ ಅನ್ನುತ್ತಾರೆ. ಕಾಳು ಮೊಳೆಯುವಾಗ ಒಳಗಿನ ಹಿಟ್ಟನ್ನು ಸಕ್ಕರೆ ಮಾಡಿಕೊಳ್ಳಲು ತಾನೇ ಒಂದು ಸತ್ವ ಹುಟ್ಟಿಸುತ್ತದೆ. ಅದೇ ಕಿಣ್ವ.

ಎರಡು, ಬಿಸಿನೀರಿನಲ್ಲಿ ನೆನೆಹಾಕುವುದು. ಮಾಲ್ಟನ್ನು ತರಿಯಾಗಿ ಒಡೆದು ಸುಮಾರು 65ರಿಂದ 68 ಡಿಗ್ರಿ ಬಿಸಿಯಲ್ಲಿ ಒಂದು ಗಂಟೆ ಇಡುತ್ತಾರೆ. ಕಿಣ್ವ ಕೆಲಸ ಮಾಡಿ ಹಿಟ್ಟು ಸಕ್ಕರೆಯಾಗುತ್ತದೆ. ಬೇಯಿಸಿದ ಅಥವಾ ಸುಟ್ಟ ಕುಂಬಳದ ತಿರುಳನ್ನು ಸೇರಿಸುವುದು ಈ ಹಂತದಲ್ಲೇ.

ಮೂರು, ಕುದಿಸುವುದು. ಸೋಸಿದ ಸಿಹಿನೀರನ್ನು ಹಾಪ್ಸ್ ಎಂಬ ಬಳ್ಳಿಯ ಒಣಹೂವು ಹಾಕಿ ಒಂದು ಗಂಟೆ ಕುದಿಸುತ್ತಾರೆ. ಬಿಯರಿನ ಕಹಿ ಬರುವುದು ಈ ಹೂವಿನಿಂದ. ನಮ್ಮ ದೇಶದಲ್ಲಿ ಇದನ್ನು ಹಿಮಾಚಲದ ಲಾಹೌಲ್ ಕಡೆ ಬೆಳೆಯುತ್ತಾರೆ. ಮಸಾಲೆ ಹಾಕುವುದು ಇಳಿಸುವ ಐದು ನಿಮಿಷ ಮೊದಲು. ಮೊದಲೇ ಹಾಕಿದರೆ ಪರಿಮಳ ಆವಿಯಲ್ಲಿ ಹೋಗಿಬಿಡುತ್ತದೆ.

ನಾಲ್ಕು, ಹುದುಗು. ತಣಿಸಿ ಯೀಸ್ಟ್ ಹಾಕುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಅನಿಲ ಬಿಡುತ್ತದೆ. ಒಂದೆರಡು ವಾರದಲ್ಲಿ ಬಿಯರು ತಯಾರು. ಈಚಲಮರದಿಂದ ಇಳಿಸಿದ ಸಿಹಿ ನೀರಾ ಬಿಸಿಲೇರುತ್ತಾ ನೊರೆಯೆದ್ದು ಹೆಂಡವಾಗುವುದೂ ಇದೇ ಲೆಕ್ಕ. ಅಲ್ಲಿ ಯೀಸ್ಟ್ ಗಾಳಿಯಿಂದ, ಮಡಕೆಯಿಂದ ತಾನಾಗಿ ಬರುತ್ತದೆ.

ಬರೀ ಕುಂಬಳದಿಂದ ಆಗುವುದಿಲ್ಲವೇ?

ಆಗುತ್ತದೆ, ಆದರೆ ನೀರು ನೀರು. ನೂರು ಗ್ರಾಂ ಕುಂಬಳದ ತಿರುಳಿನಲ್ಲಿ ತೊಂಬತ್ತು ಗ್ರಾಂ ಮೇಲೆ ನೀರೇ ಇರುತ್ತದೆ. ಸಕ್ಕರೆ ಮೂರು ಗ್ರಾಂ ಆಸುಪಾಸು. ಯೀಸ್ಟ್ ತಿಂದ ಸಕ್ಕರೆಯಲ್ಲಿ ಸುಮಾರು ಅರ್ಧ ತೂಕದಷ್ಟು ಮಾತ್ರ ಆಲ್ಕೋಹಾಲ್ ಆಗುವುದು. ಹತ್ತು ಕೆಜಿ ತಿರುಳಿನಲ್ಲಿ ಮುನ್ನೂರು ಗ್ರಾಂ ಸಕ್ಕರೆ, ಅದರಲ್ಲಿ ನೂರೈವತ್ತು ಗ್ರಾಂ ಆಲ್ಕೋಹಾಲ್. ಹಾಗಾಗಿ ಎಲ್ಲ ಕಡೆ ಮುಖ್ಯ ಸರಕು ಬಾರ್ಲಿ ಮಾಲ್ಟೇ. ಇಪ್ಪತ್ತು ಲೀಟರ್ ಬಿಯರಿಗೆ ನಾಲ್ಕೈದು ಕೆಜಿ ಮಾಲ್ಟ್ ಬೇಕು, ಕುಂಬಳ ಎರಡು ಮೂರು ಕೆಜಿ ಸಾಕು. ಅಂದರೆ ಬಿಯರಿನಿಂದ ನಮ್ಮ ಕುಂಬಳದ ರಾಶಿ ಕರಗುತ್ತದೆ ಅನ್ನುವುದೇ ತಪ್ಪು ಲೆಕ್ಕ.

ಕಾನೂನು ಏನನ್ನುತ್ತದೆ?

ಅಮೆರಿಕದಲ್ಲಿ ಮನೆ ಖರ್ಚಿಗೆ ಬಿಯರು ಮಾಡಿಕೊಳ್ಳಲು 1978ರ ಕಾನೂನು ಅವಕಾಶ ಕೊಟ್ಟಿದೆ. ನಮ್ಮಲ್ಲಿ ಹಾಗಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಒಂದು ಕೊಡವಾದರೂ ಅಷ್ಟೇ, ಮಾರಲು ಅಲ್ಲ ಮನೆಗೆ ಅಂದರೂ ಅಷ್ಟೇ. ಬೆಂಗಳೂರಿನ ಹೋಟೆಲುಗಳಲ್ಲಿ 2010ರ ನಂತರ ಬಂದ ಸಣ್ಣ ಬ್ರೂವರಿಗಳು ಲೈಸೆನ್ಸ್ ಪಡೆದು, ದೊಡ್ಡ ಬಂಡವಾಳ ಹಾಕಿ ನಡೆಸುವಂಥವು. ಎರಡು ಎಕರೆ ಒಣಭೂಮಿಯವನು ಅದರ ಹತ್ತಿರ ಹೋಗುವ ಹಾಗಿಲ್ಲ.

ಕಾನೂನಿನ ಮಾತು ಬಿಡಿ. ರಾಜ್ಯದಲ್ಲಿ 2007ರ ಜುಲೈಯಿಂದ ಸಾರಾಯಿ ನಿಂತಿತು. ಮರು ವರ್ಷ 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಕಡೆ ಮತ್ತು ತಮಿಳುನಾಡಿನ ಗಡಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅದು ವಿಷದ ಮೆಥನಾಲ್ ಸೇರಿದ ಸರಕು, ಬಿಯರಿನ ಹಾಗೆ ಹುದುಗು ಬರಿಸಿದ್ದಲ್ಲ, ನಿಜ. ಆದರೆ ಮನೆಯೊಳಗೆ ಮದ್ಯದ ಮಡಕೆ ಇಟ್ಟರೆ ಮೊದಲು ಮುಟ್ಟುವವರು ಯಾರು? ನಮ್ಮ ಮಕ್ಕಳೇ. ಕುಡಿತದಿಂದ ಹೊಲ ಅಡವು ಬಿದ್ದ ಮನೆಗಳು ಯಾವ ಊರಲ್ಲಿಲ್ಲ? ಮಿಕ್ಕ ಕುಂಬಳ ಉಳಿಸಲು ಹೋಗಿ ಮನೆ ಕಳೆದುಕೊಳ್ಳುವ ವ್ಯವಹಾರ ನಮಗೆ ಬೇಡ.

ಮೂರನೇ ಹೆಜ್ಜೆಗೇ ನಿಲ್ಲಿಸಿದರೆ?

ಇಲ್ಲಿ ನಮಗೆ ದಕ್ಕುವ ವಿಷಯ ಇದೆ. ಮೇಲೆ ಹೇಳಿದ ನಾಲ್ಕು ಹೆಜ್ಜೆಯಲ್ಲಿ ಮದ್ಯವಾಗುವುದು ಕೊನೆಯದರಲ್ಲಿ ಮಾತ್ರ. ಮೊದಲ ಮೂರು ಬರೀ ಅಡಿಗೆ. ಬಾರ್ಲಿ ಬದಲಿಗೆ ನಮ್ಮ ರಾಗಿ ಇದೆ. ರಾಗಿಯಲ್ಲೂ ಮೊಳಕೆ ಬಂದಾಗ ಅದೇ ಕಿಣ್ವ ಹುಟ್ಟುತ್ತದೆ.

ಬೇಕಾದರೆ ಪರೀಕ್ಷೆ ಮಾಡಿ ನೋಡಿ. ಗಟ್ಟಿಯಾಗಿ ರಾಗಿ ಗಂಜಿ ಕಾಯಿಸಿ ಇಳಿಸಿ. ಸ್ವಲ್ಪ ಬಿಸಿ ಆರಿದ ಮೇಲೆ ಒಂದು ಚಮಚ ಮೊಳಕೆ ರಾಗಿ ಹಿಟ್ಟು ಕದಡಿ ಮುಚ್ಚಿಡಿ. ಹತ್ತು ಹದಿನೈದು ನಿಮಿಷದಲ್ಲಿ ಗಂಜಿ ನೀರಾಗಿರುತ್ತದೆ, ಬೆಲ್ಲ ಹಾಕದೆಯೂ ಸಣ್ಣಗೆ ಸಿಹಿ ಬಂದಿರುತ್ತದೆ. ಹುರಿಹಿಟ್ಟು ಹಾಕಿದರೆ ಹೀಗಾಗುವುದಿಲ್ಲ, ಹೆಚ್ಚು ಹುರಿದಾಗ ಕಿಣ್ವ ಸಾಯುತ್ತದೆ.

ಮೊಳಕೆ ಹಿಟ್ಟು: ರಾಗಿಯನ್ನು ತೊಳೆದು ಒಂದು ರಾತ್ರಿ ನೆನೆಸಿ. ನೀರು ಬಸಿದು ಬಟ್ಟೆಯಲ್ಲಿ ಕಟ್ಟಿ ಎರಡು ದಿನ ನೆರಳಲ್ಲಿಡಿ, ಆಗಾಗ ನೀರು ಚಿಮುಕಿಸಿ. ಮೊಳಕೆ ಬಂದ ಮೇಲೆ ಬಿಸಿಲಲ್ಲಿ ಗರಿಗರಿ ಒಣಗಿಸಿ, ಕೈಯಲ್ಲಿ ಉಜ್ಜಿ ಮೊಳಕೆ ಬೇರು ಕೇರಿ, ಬೀಸಿ. ಹುರಿಯಬೇಡಿ. ಬೂಸ್ಟು ಬಂದಿದ್ದರೆ, ಮುಗ್ಗಲು ವಾಸನೆ ಇದ್ದರೆ ಎಸೆದುಬಿಡಿ.

ಕುಂಬಳದ ಮಸಾಲೆ ಪಾನಕ

ಬೇಕಾಗುವುದು: ಚೆನ್ನಾಗಿ ಬಲಿತ ಸೀಗುಂಬಳದ ತಿರುಳು 1 ಕೆಜಿ, ಮೊಳಕೆ ರಾಗಿ ಹಿಟ್ಟು 200 ಗ್ರಾಂ, ಬೆಲ್ಲ 150 ಗ್ರಾಂ, ಹೆಬ್ಬೆರಳಷ್ಟು ಹಸಿ ಶುಂಠಿ, ಬೆರಳುದ್ದದ ದಾಲ್ಚಿನ್ನಿ ಚಕ್ಕೆ, ಲವಂಗ ನಾಲ್ಕು, ಕಾಳುಮೆಣಸು ಆರೇಳು, ಜಾಯಿಕಾಯಿ ಒಂದು ಚಿಟಿಕೆ, ಉಪ್ಪು ಚಿಟಿಕೆ, ನಿಂಬೆಹಣ್ಣು ಒಂದೆರಡು.

ಮೊದಲು ತಿರುಳಿನ ಚೂರು ಬಾಯಿಗೆ ಹಾಕಿ ನೋಡಿ. ಕಹಿ ಇದ್ದರೆ ಆ ಕಾಯಿ ಬೇಡ. ಕಹಿ ಕುಂಬಳ ಹೊಟ್ಟೆ ಕೆಡಿಸುತ್ತದೆ, ಬೇಯಿಸಿದರೂ ಕಹಿ ಹೋಗುವುದಿಲ್ಲ.

ತಿರುಳನ್ನು ಒಂದು ಲೀಟರ್ ನೀರಿನಲ್ಲಿ ಬೇಯಿಸಿ ಕಡಗೋಲಿನಲ್ಲಿ ಮಸೆಯಿರಿ. ರಾಗಿ ಹಿಟ್ಟನ್ನು ಒಂದೂಕಾಲು ಲೀಟರ್ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ. ಕುಂಬಳ ಕುದಿಯುತ್ತಿರುವಾಗಲೇ ಒಲೆಯಿಂದ ಇಳಿಸಿ ಈ ನೀರನ್ನು ಸುರಿದು ತಿರುವಿ. ಈ ಅಳತೆಯಲ್ಲಿ ಎರಡೂ ಸೇರಿದಾಗ ಬಿಸಿ 65 ಡಿಗ್ರಿ ಹತ್ತಿರಕ್ಕೆ ಬರುತ್ತದೆ, ಥರ್ಮಾಮೀಟರ್ ಬೇಡ. ಕುದಿಯುವುದರ ಮೇಲೆಯೇ ಒಲೆಯಲ್ಲಿ ಹಿಟ್ಟು ಹಾಕಿದರೆ ಕಿಣ್ವ ಸಾಯುತ್ತದೆ, ಬರೀ ಗಂಜಿಯಾಗುತ್ತದೆ. ಪಾತ್ರೆ ಮುಚ್ಚಿ, ಕಂಬಳಿ ಹೊದೆಸಿ ಮುಕ್ಕಾಲು ಗಂಟೆ ಬಿಡಿ.

ಆಮೇಲೆ ತೆಳುಬಟ್ಟೆಯಲ್ಲಿ ಸೋಸಿ. ಸೋಸಿದ್ದಕ್ಕೆ ಬೆಲ್ಲ, ಉಪ್ಪು ಹಾಕಿ ಹತ್ತು ನಿಮಿಷ ಕುದಿಸಿ. ಕೊನೆಯ ಐದು ನಿಮಿಷಕ್ಕೆ ಜಜ್ಜಿದ ಮಸಾಲೆ ಹಾಕಿ. ಜಾಯಿಕಾಯಿ ಚಿಟಿಕೆ ಮೀರಬಾರದು, ಹೆಚ್ಚಾದರೆ ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ. ಇಳಿಸಿ ತಣಿದ ಮೇಲೆ ಮತ್ತೆ ಸೋಸಿ ನಿಂಬೆರಸ ಹಿಂಡಿ. ಹತ್ತು ಹನ್ನೆರಡು ಲೋಟ ಆಗುತ್ತದೆ. ಮಳೆಗಾಲದಲ್ಲಿ ನಿಂಬೆ ಬಿಟ್ಟು ಬಿಸಿಯಾಗಿಯೇ ಕುಡಿಯಬಹುದು. ಸೋಸಿ ಉಳಿದ ಗಸಿ ದನಕರುವಿಗೆ.

ಎರಡು ಎಚ್ಚರಿಕೆ. ಇದನ್ನು ಮಾಡಿದ ದಿನವೇ ಕುಡಿದು ಮುಗಿಸಬೇಕು. ಬಿರಡೆ ಹಾಕಿ ಬಾಟ್ಲಿಯಲ್ಲಿಟ್ಟರೆ ಗಾಳಿಯ ಯೀಸ್ಟ್ ಸೇರಿ ಹುದುಗಲು ಶುರುವಾಗುತ್ತದೆ. ಆಗ ನಾಲ್ಕನೇ ಹೆಜ್ಜೆ ತಾನಾಗಿಯೇ ಇಟ್ಟಂತೆ. ಒಳಗೆ ಅನಿಲ ತುಂಬಿ ಗಾಜಿನ ಬಾಟ್ಲಿ ಸಿಡಿದರೆ ಕಣ್ಣಿಗೇ ಅಪಾಯ. ಎರಡನೆಯದು, ಸಕ್ಕರೆ ಕಾಯಿಲೆ ಇರುವವರಿಗೆ ಇದು ಬೇಡ. ಬೆಲ್ಲ ಹಾಕದಿದ್ದರೂ ಇದರಲ್ಲಿ ಸಕ್ಕರೆ ಇದ್ದೇ ಇರುತ್ತದೆ.

ಕಾಯಿ ಇಟ್ಟುಕೊಳ್ಳುವುದೇ ಲಾಭ

ಸೀಗುಂಬಳಕ್ಕೆ ಇರುವ ದೊಡ್ಡ ಗುಣ ತಾಳಿಕೆ. ತೊಟ್ಟು ನಾಲ್ಕು ಬೆರಳು ಬಿಟ್ಟು ಕೊಯ್ಯಬೇಕು. ಎತ್ತಿ ಹಾಕಬಾರದು, ಗಾಯವಾದದ್ದು ಮೊದಲು ಕೊಳೆಯುತ್ತದೆ. ವಾರ ಹತ್ತು ದಿನ ಗಾಳಿಯಾಡುವಲ್ಲಿ ಒಣಗಿಸಿ ಒಂದಕ್ಕೊಂದು ತಾಗದಂತೆ ಅಟ್ಟದಲ್ಲಿಟ್ಟರೆ ನಾಲ್ಕೈದು ತಿಂಗಳು ಏನೂ ಆಗುವುದಿಲ್ಲ. ಬೇಸಿಗೆಯ ಜಾತ್ರೆ, ಮದುವೆ ಕಾಲಕ್ಕೆ ತರಕಾರಿ ಕಮ್ಮಿ ಇದ್ದಾಗ ಅದೇ ಕಾಯಿಗೆ ಕೇಳುವವರಿರುತ್ತಾರೆ. ನಾನು ಕೊಯ್ಲಿನಲ್ಲಿ ಗಾಯದ್ದನ್ನು ಮನೆಗೆ, ದನಕ್ಕೆ ಬಳಸಿ ಗಟ್ಟಿಯದ್ದನ್ನು ಮಾತ್ರ ಅಟ್ಟಕ್ಕೇರಿಸುತ್ತೇನೆ.

ಪಾನಕವನ್ನು ಜಾತ್ರೆಯಲ್ಲಿ ಮಾರುವ ಯೋಚನೆ ಸ್ತ್ರೀಶಕ್ತಿ ಸಂಘದವರಿಗೆ ಇದ್ದರೆ ಒಳ್ಳೆಯದೇ. ಆದರೆ 2006ರ ಆಹಾರ ಸುರಕ್ಷತೆ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಿಕೊಂಡೇ ಮಾರಬೇಕು. ಪಾನಕಕ್ಕಿಂತ ಮೊಳಕೆ ರಾಗಿ ಹಿಟ್ಟನ್ನು ಪೊಟ್ಟಣ ಕಟ್ಟಿ ಮಾರುವುದು ಸುಲಭ, ಅದು ಕೆಡುವುದೂ ನಿಧಾನ.

ಹುಡುಗರು ಹೇಳಿದ ಬಿಯರು ನಮ್ಮ ಕೆಲಸ ಅಲ್ಲ. ಆದರೆ ಕಾಳಿನೊಳಗಿನ ಹಿಟ್ಟು ಸಕ್ಕರೆಯಾಗುವ ಗುಟ್ಟು ಬ್ರೂವರಿಯವರಿಗೆ ಮಾತ್ರ ಸೇರಿದ್ದಲ್ಲ. ಅದು ರಾಗಿ ಮೊಳಕೆ ಕಟ್ಟುವ ಪ್ರತಿ ಮನೆಯಲ್ಲೂ ಇದೆ. ಬೇರೆ ಕಡೆಯ ರೈತರು ಸೀಗುಂಬಳವನ್ನು ಹೆಚ್ಚು ದಿನ ಇಡುವ, ಬೇರೆ ರೀತಿ ಬಳಸುವ ಉಪಾಯ ಬಲ್ಲವರಿದ್ದರೆ ಈ ಪತ್ರಿಕೆಗೇ ಬರೆದು ತಿಳಿಸಿ. ಬರುವ ಹಂಗಾಮಿಗೆ ಎಲ್ಲರಿಗೂ ಪ್ರಯೋಜನವಾದೀತು.