ಇಲ್ಲದ ದೇಶಕ್ಕೊಂದು ನಕ್ಷೆ

ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ನಿಮ್ಮ ಮಗಳು ಒಂದು ದೇಶದ ನಕ್ಷೆ ಬರೆದಿದ್ದಾಳೆ. ಅದು ಯಾವ ಭೂಪಟದಲ್ಲೂ ಇಲ್ಲ. ಬೆಟ್ಟ, ಹೊಳೆ, ಊರುಗಳ ಹೆಸರು ಎಲ್ಲವೂ ಅವಳ ಕಲ್ಪನೆ. “ಓದು ಬಿಟ್ಟು ಇದೇನು ಆಟ?” ಎಂದು ಗದರುವ ಮುನ್ನ ಸ್ವಲ್ಪ ಯೋಚಿಸಿ ಸಹೋದರಿ.

ಬಂಗಾಳದ ರುಕಿಯಾ ಸಖಾವತ್ ಹುಸೇನ್ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ದುಡಿದ ಮಹಿಳೆ. 1905ರಲ್ಲಿ ಅವರು ‘ಸುಲ್ತಾನಾಳ ಕನಸು’ ಎಂಬ ಕಥೆ ಪ್ರಕಟಿಸಿದರು. ಅದರಲ್ಲಿ ಹೆಂಗಸರೇ ಆಳುವ ಒಂದು ಕಾಲ್ಪನಿಕ ದೇಶವಿದೆ. ಅಲ್ಲಿನ ವಿದ್ಯಾವಂತ ಮಹಿಳೆಯರು ಬಿಸಿಲಿನ ಶಾಖದಿಂದ ಅಡುಗೆ ಮಾಡುತ್ತಾರೆ, ಮೋಡದಿಂದಲೇ ನೀರು ಪಡೆಯುತ್ತಾರೆ! ಇಲ್ಲದ ದೇಶವನ್ನು ಕಲ್ಪಿಸುವುದೆಂದರೆ ಇರುವ ಕಷ್ಟಕ್ಕೆ ಪರಿಹಾರ ಹುಡುಕುವುದೂ ಹೌದು.

ಅದೇ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆಯಲು ಅವಳು ಬಯಸಿದರೆ ಯಾವ ಸಾಫ್ಟ್‌ವೇರ್ ಆರಿಸಬೇಕು? ದುಬಾರಿಯದ್ದು ಬೇಡ, ಅದರ ಕದ್ದ ಪ್ರತಿಯಂತೂ ಬೇಡವೇ ಬೇಡ. ಕದ್ದ ಪ್ರತಿಯ ಜೊತೆ ವೈರಸ್ ಬರಬಹುದು. ನಮ್ಮದಲ್ಲದ್ದನ್ನು ಬಳಸಬಾರದೆಂದು ಮಕ್ಕಳಿಗೆ ಕಲಿಸುವವರೂ ನಾವೇ ತಾನೆ? ಹಣ ಕೊಡದೆ, ನ್ಯಾಯವಾಗಿಯೇ ಸಿಗುವ ಎರಡು ಒಳ್ಳೆಯ ಸಾಫ್ಟ್‌ವೇರ್‌ಗಳಿವೆ: ಗಿಂಪ್ ಮತ್ತು ಇಂಕ್‌ಸ್ಕೇಪ್.

ಇವೆರಡರ ವ್ಯತ್ಯಾಸ ಕಸೂತಿ ಬಲ್ಲ ನಿಮಗೆ ಸುಲಭವಾಗಿ ತಿಳಿಯುತ್ತದೆ. ಗಿಂಪ್‌ನ ಚಿತ್ರ ಕ್ರಾಸ್ ಸ್ಟಿಚ್‌ನಂತೆ, ಸಣ್ಣ ಸಣ್ಣ ಬಣ್ಣದ ಚೌಕಗಳಿಂದ ಆಗುತ್ತದೆ. ಕಾಡಿನ ಹಸಿರು, ಬೆಟ್ಟದ ನೆರಳು ತುಂಬಲು ಇದು ಚೆನ್ನ. ಆದರೆ ಚಿತ್ರವನ್ನು ಬಹಳ ದೊಡ್ಡದು ಮಾಡಿದರೆ ಚೌಕಗಳು ಎದ್ದು ಕಾಣುತ್ತವೆ. ಇಂಕ್‌ಸ್ಕೇಪ್‌ನ ಗೆರೆ ಬಟ್ಟೆಯ ಮೇಲೆ ಇಟ್ಟ ದಾರದಂತೆ. ಅದನ್ನು ಹಿಡಿದು ಬೇಕಾದ ಕಡೆ ಸರಿಸಬಹುದು. ಎಷ್ಟು ದೊಡ್ಡದು ಮಾಡಿದರೂ ಗೆರೆ ಒಡೆಯುವುದಿಲ್ಲ.

ನಕ್ಷೆಯಲ್ಲಿ ಗಡಿ, ರಸ್ತೆ, ಊರಿನ ಹೆಸರುಗಳೇ ಹೆಚ್ಚು. ಅವು ಮತ್ತೆ ಮತ್ತೆ ಬದಲಾಗುತ್ತವೆ. ಆದ್ದರಿಂದ ಇಂಕ್‌ಸ್ಕೇಪ್‌ನಿಂದ ಆರಂಭಿಸುವುದು ಉತ್ತಮ. ಹಾಳೆಯ ಮೇಲೆ ಬರೆದ ನಕ್ಷೆಯ ಫೋಟೋ ತೆಗೆದು ಅದರೊಳಗೆ ಇಡಿ. ಅದರ ಮೇಲೆ ಗೆರೆ ಎಳೆಯಲಿ. ನದಿಗೊಂದು, ಊರುಗಳಿಗೊಂದು, ಹೆಸರುಗಳಿಗೊಂದು ಬೇರೆ ಬೇರೆ ಲೇಯರ್ ಇರಲಿ. ಲೇಯರ್ ಎಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆ. ಒಂದರಲ್ಲಿ ತಪ್ಪಾದರೆ ಉಳಿದವು ಕೆಡುವುದಿಲ್ಲ. ಹೆಸರುಗಳನ್ನು ಯೂನಿಕೋಡ್ ಅಕ್ಷರದಲ್ಲಿ ಕನ್ನಡದಲ್ಲೇ ಬರೆಯಬಹುದು. ಬಣ್ಣ ತುಂಬುವ ಆಸೆಯಾದರೆ ಕೊನೆಯಲ್ಲಿ ಗಿಂಪ್‌ಗೆ ಹೋಗಲಿ.

ಆದರೆ ನದಿ ಎಲ್ಲಿ ಹುಟ್ಟಿ ಎಲ್ಲಿಗೆ ಹರಿಯಬೇಕೆಂದು ಯಾವ ಸಾಫ್ಟ್‌ವೇರೂ ಹೇಳದು. ಮಂಚೇನಹಳ್ಳಿ, ಗೌರಿಬಿದನೂರು ಕಡೆಯ ಮಕ್ಕಳಿಗೆ ಆ ಪಾಠ ಹತ್ತಿರದಲ್ಲೇ ಇದೆ. ನಂದಿ ಬೆಟ್ಟಗಳ ಸಾಲಿನಲ್ಲಿ ಹುಟ್ಟಿದ ಉತ್ತರ ಪಿನಾಕಿನಿ ಈ ಭಾಗದಲ್ಲಿ ಹರಿದು, ಆಂಧ್ರದಲ್ಲಿ ಪೆನ್ನಾ ಎನಿಸಿ ಬಂಗಾಳ ಕೊಲ್ಲಿ ಸೇರುತ್ತದೆ. ಅದೇ ಸಾಲಿನಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿ ತಮಿಳುನಾಡಿನತ್ತ ಸಾಗುತ್ತದೆ. ಮಳೆ ಕಡಿಮೆಯಾದರೆ ಹೊಳೆಯಲ್ಲಿ ಬರೀ ಮರಳು. ಅದಕ್ಕಾಗಿಯೇ ಹಿರಿಯರು ಕೆರೆಗಳನ್ನು ಕಟ್ಟಿದರು.

ಆದ್ದರಿಂದ ಅವಳ ನಕ್ಷೆ ನೋಡಿದಾಗ ಒಂದು ಪ್ರಶ್ನೆ ಕೇಳಿ: “ನಿನ್ನ ದೇಶದ ಈ ಊರಿಗೆ ನೀರು ಎಲ್ಲಿಂದ ಬರುತ್ತೆ ಮಗಳೇ?” ಉತ್ತರ ಹುಡುಕುತ್ತಾ ಅವಳು ಇಲ್ಲದ ದೇಶದ ಜೊತೆಗೆ ತನ್ನ ಊರನ್ನೂ ಅರಿಯುವಳು.