ನಾಗವಲ್ಲಿಯ ಶಾಪವೂ ಸಿಲೋವದ ಬುರುಜೂ

ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಬಸ್ಸಿನಲ್ಲಿ ಸಭೆಯ ಯೌವನಸ್ಥನೊಬ್ಬನು ನಮ್ಮನ್ನು ಕೇಳಿದನು: “ಅಯ್ಯನವರೇ, ನಾಗವಲ್ಲಿಯಾಗಿ ನಟಿಸಿದವರು ತೀರಿಹೋದರು, ಅವಳನ್ನು ಬಿಡಿಸಿದ ಡಾಕ್ಟರ ಪಾತ್ರದವರೂ ತೀರಿಹೋದರು. ಆ ಶಾಪ ನಿಜವೋ?” ಇಂಥ ಪ್ರಶ್ನೆಯನ್ನು ನಕ್ಕು ತಳ್ಳಿಬಿಡುವುದು ಸುಲಭ, ಆದರೆ ಸಭಾಪಾಲಕರಿಗೆ ಅದು ತಕ್ಕುದಲ್ಲ.

ಸಂಗತಿಯನ್ನು ಮೊದಲು ನೋಡೋಣ. ಪಿ. ವಾಸು ನಿರ್ದೇಶಿಸಿದ ‘ಆಪ್ತಮಿತ್ರ’ವು 2004ರ ಆಗಸ್ಟ್‌ನಲ್ಲಿ ತೆರೆಕಂಡಿತು. ತನ್ನನ್ನು ನಾಗವಲ್ಲಿಯೆಂದೇ ಭಾವಿಸುವ ಗಂಗಾಳ ಪಾತ್ರ ವಹಿಸಿದ್ದ ಸೌಂದರ್ಯ ಅವರು ಅದೇ ವರ್ಷ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ಮೃತರಾಗಿದ್ದರು. ಅದರ ಮುಂದುವರಿದ ಭಾಗವಾದ ‘ಆಪ್ತರಕ್ಷಕ’ದಲ್ಲಿ ನಾಗವಲ್ಲಿಯ ಚಿತ್ರಪಟವು ಬೇರೊಂದು ಮನೆಯನ್ನು ಸೇರುತ್ತದೆ, ಅದರೊಡನೆ ಭಯವೂ ಸೇರುತ್ತದೆ. ಎರಡೂ ಚಿತ್ರಗಳ ನಾಯಕರಾದ ವಿಷ್ಣುವರ್ಧನ್ ಅವರು 2009ರ ಡಿಸೆಂಬರ್ 30ರಂದು ನಿಧನರಾದರು. ಚಿತ್ರವು 2010ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಅಂದಿನಿಂದ ಕಥೆಯೊಳಗಿನ ಶಾಪವು ಕಥೆಯ ಹೊರಗೂ ನಡೆದಾಡುತ್ತಿದೆಯೆಂಬ ಮಾತು ಹಬ್ಬಿತು.

1994ರಲ್ಲಿ ಅಮೆರಿಕದ ವೆಸ್ ಕ್ರೇವನ್ ಅವರು ‘ನ್ಯೂ ನೈಟ್‌ಮೇರ್’ ಚಿತ್ರದಲ್ಲಿ ಇದೇ ಬೆರಕೆಯನ್ನು ಬೇಕೆಂದೇ ಮಾಡಿದರು. ನಟಿಯು ನಟಿಯಾಗಿಯೇ, ನಿರ್ದೇಶಕನು ನಿರ್ದೇಶಕನಾಗಿಯೇ ಅಲ್ಲಿ ಕಾಣಿಸಿಕೊಳ್ಳುತ್ತಾರೆ. ಕಥೆಯಲ್ಲಿ ಸೆರೆಯಾಗಿದ್ದ ಪುರಾತನ ಕೇಡು ಕಥೆ ನಿಂತೊಡನೆ ಹೊರಬರುತ್ತದೆ. ನಾಗವಲ್ಲಿಯ ವಿಷಯದಲ್ಲಾದರೋ ತೆರೆಯನ್ನು ದಾಟಿಸಿದವರು ಪ್ರೇಕ್ಷಕರಾದ ನಾವೇ.

ಹೀಗೇಕೆ ಮಾಡುತ್ತೇವೆ? ಕಾರಣವಿಲ್ಲದ ಮರಣಕ್ಕಿಂತ ಶಾಪದಿಂದಾದ ಮರಣವು ಮನಸ್ಸಿಗೆ ಸಹ್ಯವಾಗಿ ತೋರುತ್ತದೆ. ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿಯ ಕುರಿತು ಜನರು ಹೀಗೆಯೇ ಎಣಿಸಿದ್ದರು. ಅವರು ಇತರರಿಗಿಂತ ಹೆಚ್ಚು ಅಪರಾಧಿಗಳೆಂಬ ಎಣಿಕೆಯನ್ನು ಕರ್ತನು ಅಲ್ಲಗಳೆದು, ಕೇಳಿದವರನ್ನೇ ಮಾನಸಾಂತರಕ್ಕೆ ಕರೆದನು (ಲೂಕ 13:4–5). ಸತ್ಯವೇದವು ದುರಾತ್ಮಗಳನ್ನು ಅಲ್ಲಗಳೆಯುವುದಿಲ್ಲ, ಶಾಪವನ್ನೂ ಬಲ್ಲದು. ಆದರೆ ಕಾರಣವಿಲ್ಲದ ಶಾಪವು ತಗಲದೆಂದೂ (ಜ್ಞಾನೋಕ್ತಿ 26:2), ಕ್ರಿಸ್ತನು ನಮಗೋಸ್ಕರ ಶಾಪವಾದನೆಂದೂ (ಗಲಾತ್ಯ 3:13) ಬೋಧಿಸುತ್ತದೆ. ಪ್ರತಿ ಮರಣದ ಹಿಂದೆಯೂ ಶಾಪವನ್ನು ಹುಡುಕುವವನು ಮೃತರನ್ನು ಕಥಾಪಾತ್ರಗಳನ್ನಾಗಿಸಿ, ಅವರಿಗಾಗಿ ಅಳುವುದನ್ನು ಮರೆಯುತ್ತಾನೆ.

ಹರಿಹರವು ಸಮೀಪಿಸುತ್ತಿದ್ದಾಗ ನಾವು ಆ ಯೌವನಸ್ಥನನ್ನು, “ಯಾರ ಸಾವು ನಿನ್ನನ್ನು ಕಾಡುತ್ತಿದೆ?” ಎಂದು ಕೇಳಿದೆವು. ಅವನ ಅಕ್ಕನು ಹಿಂದಿನ ವರ್ಷ ತೀರಿಹೋಗಿದ್ದಳು. ಬಂಧುಗಳು ಅದನ್ನು ಮನೆಯ ಮೇಲಿನ ಶಾಪವೆಂದಿದ್ದರು. ಸಿನಿಮಾದ ಪ್ರಶ್ನೆಯೊಳಗೆ ಈ ಪ್ರಶ್ನೆ ಅಡಗಿತ್ತು.

ಆದಕಾರಣ ಬಿಡುಗಡೆಯ ಪ್ರಾರ್ಥನೆಗೆ ಕೈಯೆತ್ತುವ ಮೊದಲು ಕಿವಿಗೊಡೋಣ. ‘ಆಪ್ತಮಿತ್ರ’ದ ವೈದ್ಯನೂ ಗಂಗಾಳನ್ನು ದೆವ್ವವೆಂದು ಹೊಡೆಯಗೊಡದೆ ರೋಗಿಯೆಂದು ಕಂಡನು. ಮನೋವೈದ್ಯರ ಬಳಿಗೆ ಕಳುಹಿಸಬೇಕಾದವರನ್ನು ಕಳುಹಿಸೋಣ. ದುಃಖಿಸುವವರೊಡನೆ ಕುಳಿತು ದುಃಖಿಸೋಣ. ಆ ದಿನ ನಾವು ಅವನ ಮನೆಗೆ ಹೋಗಿ, ಅಕ್ಕನ ಹೆಸರನ್ನು ಹೇಳಿ ಪ್ರಾರ್ಥಿಸಿದೆವು. ಶಾಪದ ಮಾತನ್ನು ಅಲ್ಲಿ ಯಾರೂ ಎತ್ತಲಿಲ್ಲ.